ಕೊಡವ ತಕ್ಕ್ ಮತ್ತು ಜನಗಣತಿ: ಮನೆಬಾಗಿಲಲ್ಲೇ ತಪ್ಪುವ ಲೆಕ್ಕ

ಸಂಪಾದಕರಿಗೆ,

ಮಾನ್ಯರೇ,

ಕೊಡಗಿನ ನುಡಿಯಾದ ಕೊಡವ ತಕ್ಕ್ ತಮ್ಮ ತಾಯ್ನುಡಿ ಎಂದು ಬರೆಸಿದವರು 1971ರ ಜನಗಣತಿಯಲ್ಲಿ 72,085 ಮಂದಿ. 1981ರಲ್ಲಿ 92,678, 1991ರಲ್ಲಿ 97,011. 2001ರಲ್ಲಿ ಆ ಸಂಖ್ಯೆ ಒಮ್ಮೆಲೇ 1,66,187ಕ್ಕೆ ಏರಿತು. 2011ರಲ್ಲಿ ಮತ್ತೆ 1,13,857ಕ್ಕೆ ಇಳಿಯಿತು. ಹತ್ತೇ ವರ್ಷದಲ್ಲಿ 52,330 ಜನ ಲೆಕ್ಕದಿಂದ ಹೋದರು, ಅಂದರೆ ಹತ್ತಿರಹತ್ತಿರ ಮೂರರಲ್ಲೊಂದು ಪಾಲು.

ಈ ಏರಿಳಿತಕ್ಕೆ ಹುಟ್ಟುಸಾವು ಕಾರಣವಾಗಿರಲು ಸಾಧ್ಯವಿಲ್ಲ. 2001ರಿಂದ 2011ರ ನಡುವೆ ಕೊಡಗು ಜಿಲ್ಲೆಯ ಒಟ್ಟು ಜನಸಂಖ್ಯೆ 5,48,561ರಿಂದ 5,54,519ಕ್ಕೆ, ಶೇ 1ರಷ್ಟು ಮಾತ್ರ ಹೆಚ್ಚಿತ್ತು. ಜಿಲ್ಲೆ ಇದ್ದಲ್ಲೇ ಇದ್ದಾಗ ಅದರ ಒಂದು ಭಾಷೆಯ ಮೂರನೇ ಒಂದು ಭಾಗ ಕರಗಿತೆಂದರೆ ಅದು ಕೇಳುವಲ್ಲಿ, ಹೇಳುವಲ್ಲಿ, ಬರೆದುಕೊಳ್ಳುವಲ್ಲಿ ಆದ ವ್ಯತ್ಯಾಸ. ಜನ ಊರು ಬಿಟ್ಟು ಬೆಂಗಳೂರು, ಮೈಸೂರು ಸೇರಿದ್ದು ನಿಜ. ಆದರೆ ಈ ಅಂಕಿ ಇಡೀ ದೇಶದ್ದು. ಊರು ಬಿಟ್ಟವರೂ ಭಾರತದಲ್ಲಿ ಎಲ್ಲಿದ್ದರೂ ಇದರೊಳಗೆ ಬರಬೇಕಿತ್ತು.

ಮುಂದಿನ ಗಣತಿಯ ಕಾಲನಿರ್ಣಯ ಈಗಾಗಲೇ ಆಗಿದೆ. 2025ರ ಜೂನ್ 16ರ ಅಧಿಸೂಚನೆಯಂತೆ, ಹಿಮ ಬೀಳುವ ಕೆಲವು ಪ್ರದೇಶಗಳನ್ನು ಬಿಟ್ಟರೆ ದೇಶಕ್ಕೆಲ್ಲ ಉಲ್ಲೇಖದ ಗಳಿಗೆ, ಅಂದರೆ ಯಾವ ಹೊತ್ತಿಗೆ ಇದ್ದವರನ್ನು ಲೆಕ್ಕಕ್ಕೆ ಹಿಡಿಯುತ್ತಾರೋ ಆ ಹೊತ್ತು, 2027ರ ಫೆಬ್ರವರಿ 28 ಮುಗಿದು ಮಾರ್ಚ್ 1 ಹುಟ್ಟುವ ಮಧ್ಯರಾತ್ರಿ 12 ಗಂಟೆ. ಅದಕ್ಕೂ ಮೊದಲು, 2026ರ ಏಪ್ರಿಲ್‌ನಿಂದ ಸೆಪ್ಟೆಂಬರ್ ಒಳಗೆ ಆಯಾ ರಾಜ್ಯ ಗೊತ್ತುಮಾಡುವ ದಿನಗಳಲ್ಲಿ ಮನೆಪಟ್ಟಿಯ ಹಂತ. ಮನುಷ್ಯರನ್ನು ಒಬ್ಬೊಬ್ಬರಾಗಿ ಎಣಿಸುವ ಎರಡನೇ ಹಂತ 2027ರ ಫೆಬ್ರವರಿಯಲ್ಲಿ. ತಾಯ್ನುಡಿ ಬರುವುದು ಈ ಎರಡನೇ ಹಂತದಲ್ಲಿ. ಆದ್ದರಿಂದ ಮನೆಪಟ್ಟಿಯವರು ಬಂದುಹೋದರು ಎಂದಾಕ್ಷಣ ನಮ್ಮ ಕೆಲಸ ಮುಗಿಯಿತು ಎಂದು ಯಾರೂ ತಿಳಿಯಬಾರದು.

ಮೊದಲ ಹಂತವನ್ನು ಹಗುರವಾಗಿ ಕಾಣುವಂತೆಯೂ ಇಲ್ಲ. ಗಣತಿದಾರರು ಫೆಬ್ರವರಿಯಲ್ಲಿ ಯಾವ ಮನೆಗೆ ಹೋಗಬೇಕು ಎಂಬುದಕ್ಕೆ ಆಧಾರ ಈ ಪಟ್ಟಿಯೇ. ತೋಟದ ಒಳಗೆ ಎರಡು ಗೇಟು ದಾಟಿ ಇರುವ ಆಳುಗಳ ಲೈನ್‌ಮನೆ, ಹೊಳೆಯಾಚೆಯ ಒಂಟಿ ಮನೆ, ಕಾಡಂಚಿನ ಹಾಡಿಯ ಕೊನೆಯ ಗುಡಿಸಲು, ಅಂಗಡಿಯ ಹಿಂದಿನ ಬಾಡಿಗೆ ಕೋಣೆ, ಇವೇ ಪಟ್ಟಿಯಿಂದ ತಪ್ಪುವ ಜಾಗಗಳು. ಒಮ್ಮೆ ತಪ್ಪಿದರೆ ಎರಡನೇ ಹಂತದಲ್ಲೂ ಅಲ್ಲಿಗೆ ಯಾರೂ ಬಾರದೆ ಹೋಗಬಹುದು. ತೋಟದ ಮಾಲೀಕರು, ರೈಟರುಗಳು (ತೋಟದ ಗುಮಾಸ್ತರು) ಗಣತಿದಾರರನ್ನು ಬಂಗಲೆಯ ಜಗಲಿಯಲ್ಲಿ ಕೂರಿಸಿ ಬಾಯಿಲೆಕ್ಕ ಕೊಟ್ಟು ಕಳುಹಿಸಬಾರದು. ಲೈನಿನ ಪ್ರತಿ ಬಾಗಿಲಿಗೂ ಕರೆದೊಯ್ದು ತೋರಿಸಬೇಕು.

ಈಗ ಎರಡನೇ ಹಂತಕ್ಕೆ ಬರುತ್ತೇವೆ. ಫೆಬ್ರವರಿ ಎಂದರೆ ಕೊಡಗಿನಲ್ಲಿ ರೊಬಸ್ಟಾ ಕೊಯ್ಲಿನ ಕಾಲ, ಕರಿಮೆಣಸೂ ಕೈಗೆ ಬರುವ ಹೊತ್ತು. ಬೆಳಿಗ್ಗೆ ತೋಟಕ್ಕಿಳಿದವರು ಸಂಜೆಯವರೆಗೆ ಮನೆಯಲ್ಲಿರುವುದಿಲ್ಲ. ಗಣತಿದಾರರು ಬಹುಪಾಲು ಶಾಲಾ ಶಿಕ್ಷಕರು. ಒಬ್ಬರ ಪಾಲಿಗೆ ಬರುವುದು ಸುಮಾರು 700-800 ಜನರ ಒಂದು ಬ್ಲಾಕ್. ಪೇಟೆಯಲ್ಲಿ ಇದು ಒಂದೆರಡು ಬೀದಿ. ಕೊಡಗಿನಲ್ಲಿ ಮನೆಯಿಂದ ಮನೆಗೆ ಒಂದು ಗುಡ್ಡ. ಎರಡು ಸಲ ಬಂದು ಬೀಗ ಕಂಡವರು ಮೂರನೇ ಸಲ ಪಕ್ಕದ ಮನೆಯವರನ್ನು ಕೇಳಿ ಬರೆದುಕೊಳ್ಳುವ ಪ್ರಮೇಯ ಬರುತ್ತದೆ. ಪಕ್ಕದ ಮನೆಯವರಿಗೆ ಎಷ್ಟು ಜನ ಇದ್ದಾರೆಂದು ಗೊತ್ತಿರಬಹುದು. ಯಾರಿಗೆ ಯಾವ ತಾಯ್ನುಡಿ, ಯಾರು ಯಾವ ಮಾತು ಬಲ್ಲರು ಎಂದು ಗೊತ್ತಿರುತ್ತದೆಯೇ? ಆದ್ದರಿಂದ ಪ್ರತಿ ಮನೆಯಲ್ಲೂ ವಿವರ ಬಲ್ಲ ಒಬ್ಬ ಹಿರಿಯರು ಒಂದು ಹೊತ್ತಾದರೂ ಇರುವಂತೆ ಏರ್ಪಾಡು ಮಾಡಿಕೊಳ್ಳಿ. ಇಲ್ಲವೇ ಬಾಗಿಲ ಮೇಲೆ ಫೋನ್ ನಂಬರ್ ಮತ್ತು ಮನೆಯಲ್ಲಿರುವ ಸಮಯ ಬರೆದ ಚೀಟಿ ಅಂಟಿಸಿ. ತೋಟದ ಆಳುಗಳಿಗೆ ಆ ಒಂದು ದಿನ ಅರ್ಧ ಗಂಟೆ ಬೇಗ ಬಿಡುವು ಕೊಟ್ಟರೆ ಇಡೀ ಲೈನಿನ ಎಣಿಕೆ ಒಂದೇ ಸಂಜೆ ಮುಗಿಯುತ್ತದೆ.

ತಾಯ್ನುಡಿ ತಪ್ಪುವುದು ಹೀಗೆ. ಗಣತಿದಾರರು ಕನ್ನಡದಲ್ಲಿ ಕೇಳುತ್ತಾರೆ, ಮನೆಯವರು ಕನ್ನಡದಲ್ಲೇ ಉತ್ತರಿಸುತ್ತಾರೆ. ಹೆಸರು, ವಯಸ್ಸು, ಮದುವೆ ಎಲ್ಲ ಮುಗಿದು ಭಾಷೆಗೆ ಬರುವಷ್ಟರಲ್ಲಿ ಹತ್ತು ನಿಮಿಷ ಕನ್ನಡದಲ್ಲಿ ಮಾತಾಗಿರುತ್ತದೆ. ‘ಕನ್ನಡ ಅಲ್ವಾ?’ ಎನ್ನುತ್ತಾರೆ, ಇವರು ತಲೆಯಾಡಿಸುತ್ತಾರೆ. ‘ಎಲ್ಲರಿಗೂ ಅದೇ ತಾನೆ?’ ಎಂದು ಉಳಿದ ಐದು ಜನಕ್ಕೂ ಅದನ್ನೇ ಇಳಿಸುತ್ತಾರೆ. ಯಾರ ಮನಸ್ಸಿನಲ್ಲೂ ಕೆಟ್ಟದ್ದಿಲ್ಲ. ಬೇರೆ ಜಿಲ್ಲೆಯಿಂದ ಬಂದ ಶಿಕ್ಷಕರಿಗೆ ಕೊಡವ ತಕ್ಕ್ ಪ್ರತ್ಯೇಕ ಭಾಷೆಯಾಗಿ ದಾಖಲಾಗುತ್ತದೆ ಎಂಬುದೇ ತಿಳಿಯದಿರಬಹುದು. ಮನೆಯವರಿಗೋ, ಸರ್ಕಾರಿ ಕಾಗದ ಎಂದರೆ ಕನ್ನಡ ಎಂಬ ಅಭ್ಯಾಸ. ಕೊನೆಗೆ ಆರು ಜನರ ಭಾಷೆ ಒಂದು ತಲೆಯಾಡಿಕೆಯಲ್ಲಿ ಹೋಗುತ್ತದೆ.

ಗಣತಿಯ ನಿಯಮ ಹೇಳುವುದೇ ಬೇರೆ. 2011ರ ಕೈಪಿಡಿಯ ಪ್ರಕಾರ ತಾಯ್ನುಡಿ ಎಂದರೆ ಬಾಲ್ಯದಲ್ಲಿ ತಾಯಿ ಆ ವ್ಯಕ್ತಿಯೊಂದಿಗೆ ಆಡಿದ ಭಾಷೆ. ತಾಯಿ ಎಳವೆಯಲ್ಲೇ ತೀರಿಕೊಂಡಿದ್ದರೆ, ಬಾಲ್ಯದಲ್ಲಿ ಆ ಮನೆಯಲ್ಲಿ ಮುಖ್ಯವಾಗಿ ಆಡುತ್ತಿದ್ದ ಭಾಷೆ. ಇನ್ನೂ ಮಾತು ಬಾರದ ಮಗುವಿಗೆ ಅದರ ತಾಯಿ ಸಾಮಾನ್ಯವಾಗಿ ಆಡುವ ಭಾಷೆ. ಶಾಲೆಯಲ್ಲಿ ಕಲಿತದ್ದು, ಕಚೇರಿಯಲ್ಲಿ ಬಳಸುವುದು, ಓದಲು ಬರೆಯಲು ಬರುವುದು ಇದರಲ್ಲಿ ಸೇರಿಲ್ಲ. ಜನ ಯಾವ ಹೆಸರು ಹೇಳುತ್ತಾರೋ ಅದನ್ನೇ ಪೂರ್ತಿಯಾಗಿ ಬರೆಯಬೇಕು. ಅದು ಭಾಷೆಯೋ ಉಪಭಾಷೆಯೋ ಎಂದು ತೀರ್ಮಾನಿಸುವುದು ಗಣತಿದಾರರ ಕೆಲಸವಲ್ಲ. ಒಂದೇ ಮನೆಯಲ್ಲಿ ಇಬ್ಬರಿಗೆ ಎರಡು ತಾಯ್ನುಡಿ ಇರಬಹುದು, ಹಾಗಾಗಿ ಒಬ್ಬೊಬ್ಬರನ್ನೂ ಬೇರೆಯಾಗಿ ಕೇಳಬೇಕು.

ಅದರ ಮುಂದಿನ ಪ್ರಶ್ನೆಯನ್ನು ನಮ್ಮವರು ಸಾಮಾನ್ಯವಾಗಿ ಗಮನಿಸುವುದೇ ಇಲ್ಲ. ತಾಯ್ನುಡಿಯಲ್ಲದೆ ಬಲ್ಲ ಇತರ ಎರಡು ಭಾಷೆಗಳನ್ನು, ಹೆಚ್ಚು ಬರುವುದು ಮೊದಲು ಎಂಬ ಕ್ರಮದಲ್ಲಿ ಅಲ್ಲಿ ಬರೆಸಬೇಕು. ಕನ್ನಡಕ್ಕೆ ಗೌರವದ ಜಾಗ ಇಲ್ಲಿದೆ. ತಾಯ್ನುಡಿಗೆ ಕೊಡವ ತಕ್ಕ್ ಎಂದು ಬರೆಸಿದರೆ ಕನ್ನಡಕ್ಕೆ ದ್ರೋಹವಾದೀತೇ ಎಂದು ಅಳುಕುವ ಹಿರಿಯರಿದ್ದಾರೆ. 2011ರಲ್ಲಿ ದೇಶದಲ್ಲಿ ಕನ್ನಡ ತಾಯ್ನುಡಿಯವರು 4.37 ಕೋಟಿ. ನಮ್ಮ ಒಂದು ಲಕ್ಷ ಅಲ್ಲಿ ಸೇರಿದರೆ ಕನ್ನಡಕ್ಕೆ ಕಾಣುವಷ್ಟು ಹೆಚ್ಚುವುದಿಲ್ಲ. ಇಲ್ಲಿ ಬಿಟ್ಟುಹೋದರೆ ಕೊಡವ ತಕ್ಕ್‌ಗೆ ಏನೂ ಉಳಿಯುವುದಿಲ್ಲ. ತಾಯ್ನುಡಿ ಬೇರೆಯಾಗಿ ಕೊಡವ ತಕ್ಕ್ ಬಲ್ಲವರೂ ಬಹಳ ಮಂದಿ ಇದ್ದಾರೆ: ಕನ್ನಡ, ಮಲಯಾಳ, ತುಳು, ಅರೆಭಾಷೆ ಮನೆಮಾತಾಗಿದ್ದು ಕೊಡಗಿನಲ್ಲೇ ಬೆಳೆದವರು. ಅವರು ಎರಡನೇ ಪ್ರಶ್ನೆಗೆ ಅದನ್ನು ಹೇಳಿದರೆ ಆ ತಿಳಿವಳಿಕೆಯೂ ದಾಖಲೆಗೆ ಬರುತ್ತದೆ.

ಒಂದು ಮಾತನ್ನು ಇಲ್ಲಿ ಒತ್ತಿ ಹೇಳಬೇಕಾಗಿದೆ. ತಾಯಿ ಕೊಡವ ತಕ್ಕ್ ಆಡದೆ ಕನ್ನಡ ಅಥವಾ ಇಂಗ್ಲಿಷಿನಲ್ಲೇ ಬೆಳೆಸಿದ ಮಗುವಿಗೆ, ಸಂಖ್ಯೆ ಹೆಚ್ಚಲೆಂದು ಕೊಡವ ತಕ್ಕ್ ಬರೆಸುವುದು ಸರಿಯಲ್ಲ. ಅಪ್ಪನಿಂದಲೋ ಅಜ್ಜಿಯಿಂದಲೋ ಕಲಿತಿದ್ದರೆ ಬಲ್ಲ ಭಾಷೆಗಳಲ್ಲಿ ಅದಕ್ಕೆ ಜಾಗವಿದೆ. ನಮಗೆ ಬೇಕಾಗಿರುವುದು ನಿಜವಾದ ಲೆಕ್ಕ. ಯುನೆಸ್ಕೊ ತನ್ನ ಭಾಷಾ ಭೂಪಟದಲ್ಲಿ ಈ ನುಡಿಯನ್ನು ಖಚಿತವಾಗಿ ಅಪಾಯದಲ್ಲಿರುವ ಭಾಷೆಗಳ ಸಾಲಿಗೆ ಸೇರಿಸಿದೆ. ಮಕ್ಕಳಿಗೆ ಭಾಷೆ ದಾಟುತ್ತಿಲ್ಲ ಎಂಬುದು ನಿಜವಾದರೆ ಅದೂ ಅಂಕಿಯಲ್ಲಿ ಕಾಣಬೇಕು, ಆಗಲೇ ಮಾಡಬೇಕಾದ ಕೆಲಸ ತಿಳಿಯುತ್ತದೆ. ಉಬ್ಬಿಸಿದ ಸಂಖ್ಯೆ ಹತ್ತು ವರ್ಷದ ನಂತರ ಇಳಿದಾಗ ನಮ್ಮ ಯಾವ ಬೇಡಿಕೆಗೂ ಬೆಲೆ ಇರುವುದಿಲ್ಲ.

ಹೆಸರಿನ ವಿಷಯ. 2011ರಲ್ಲಿ ದೇಶದ ಜನ ತಾಯ್ನುಡಿ ಎಂದು ಹೇಳಿದ ಹೆಸರುಗಳು 19,569. ಅವನ್ನು ಪರಿಶೀಲಿಸಿ ಒಗ್ಗೂಡಿಸಿ 1,369 ಹೆಸರುಗಳಿಗೆ ಇಳಿಸಲಾಯಿತು. ಇನ್ನೂ 1,474 ಹೆಸರುಗಳು ಯಾವ ಗುಂಪಿಗೂ ಸೇರದೆ ‘ಇತರೆ’ಗೆ ಹೋದವು. ಹತ್ತು ಸಾವಿರಕ್ಕಿಂತ ಹೆಚ್ಚು ಜನರಿದ್ದ 270 ತಾಯ್ನುಡಿಗಳು ಮಾತ್ರ ಪ್ರಕಟಿತ ಪಟ್ಟಿಯಲ್ಲಿ ಹೆಸರು ಉಳಿಸಿಕೊಂಡವು. ನಮ್ಮದು ಅಲ್ಲಿ ‘ಕೂರ್ಗಿ/ಕೊಡಗು’ ಎಂದಿದೆ. ಮನೆಮನೆಯಲ್ಲಿ ಹೇಳುವುದೋ ಕೊಡವ, ಕೊಡವ ತಕ್ಕ್, ಕೊಡವ ಭಾಷೆ, ಕೊಡಗು, ಕೂರ್ಗಿ ಎಂದು ಬಗೆಬಗೆ. ಇಷ್ಟು ಬಗೆಯಲ್ಲಿ ಹೇಳಿ, ಅದನ್ನು ಕೇಳಿದವರು ಕೇಳಿದಂತೆ ಬರೆದರೆ ಒಂದಷ್ಟು ಪಾಲು ದಾರಿ ತಪ್ಪುವ ಅಪಾಯ ಇದ್ದೇ ಇದೆ. ಎಲ್ಲರೂ ‘ಕೊಡವ ತಕ್ಕ್’ ಎಂಬ ಒಂದೇ ಹೆಸರು ಹೇಳೋಣ.

ಈ ಸಲದ ಗಣತಿ ಮೊಬೈಲ್ ಆ್ಯಪ್‌ನಲ್ಲಿ ನಡೆಯುತ್ತದೆ. ಭಾಷೆಯನ್ನು ಪಟ್ಟಿಯಿಂದ ಆರಿಸುವಂತಿದ್ದರೆ ನಮ್ಮದು ಕೂರ್ಗಿ/ಕೊಡಗು ಎಂಬ ಹೆಸರಿನಡಿ ಇರಬಹುದು ಎಂದು ಗಣತಿದಾರರಿಗೆ ತಿಳಿಸಿ. ಪೂರ್ವ ಭಾರತದಲ್ಲಿ ‘ಕೋಡ/ಕೋರ’ ಎಂಬ ಬೇರೆಯೇ ಒಂದು ಬುಡಕಟ್ಟು ಭಾಷೆ ಇದೆ, ಅದಕ್ಕೂ ಗಣತಿಯ ಪಟ್ಟಿಯಲ್ಲಿ ಜಾಗವಿದೆ. ಮೊದಲ ಎರಡು ಅಕ್ಷರ ಒತ್ತಿದಾಗ ಅಕ್ಕಪಕ್ಕ ಬರುವ ಹೆಸರುಗಳಲ್ಲಿ ಬೆರಳು ಜಾರುವುದು ಸುಲಭ. ಆರಿಸಿದ ಮೇಲೆ ಪರದೆಯನ್ನು ಒಮ್ಮೆ ತೋರಿಸಿ ಎಂದು ಕೇಳಿ. ಕೇಳುವುದರಲ್ಲಿ ಸಂಕೋಚ ಬೇಡ. ನೆಟ್‌ವರ್ಕ್ ಚೆನ್ನಾಗಿರುವ ಕಡೆಯವರು ಪೋರ್ಟಲ್‌ನಲ್ಲಿ ಸ್ವಯಂ ಗಣತಿ ಮಾಡಿಕೊಳ್ಳಬಹುದು. ಅದರಲ್ಲಿ ಪ್ರತಿ ಸದಸ್ಯರ ಭಾಷೆಯನ್ನು ನೀವೇ ತುಂಬುವುದರಿಂದ ಕೇಳಿ ಬರೆಯುವ ತಪ್ಪು ತಪ್ಪುತ್ತದೆ. ಆದರೆ ಸಲ್ಲಿಸಿದ ಮೇಲೆ ಸಿಗುವ ಗುರುತಿನ ಸಂಖ್ಯೆಯನ್ನು ಬರೆದಿಟ್ಟು ಮನೆಗೆ ಬರುವ ಗಣತಿದಾರರಿಗೆ ಕೊಡಲೇಬೇಕು. ಮಗ ಬೆಂಗಳೂರಿನಲ್ಲಿ ಕುಳಿತು ಊರಿನ ಮನೆಯದ್ದನ್ನು ತುಂಬಿ, ಆ ಸಂಖ್ಯೆಯನ್ನು ಅಪ್ಪ ಅಮ್ಮನಿಗೆ ಹೇಳದೆ ಬಿಟ್ಟರೆ ಗೊಂದಲ ಖಂಡಿತ.

ಯಾರನ್ನು ಎಲ್ಲಿ ಎಣಿಸುತ್ತಾರೆ ಎಂಬುದು ನಮ್ಮಂಥ ಚದುರಿದ ಸಮುದಾಯಕ್ಕೆ ಎಲ್ಲಕ್ಕಿಂತ ಮುಖ್ಯ. ಗಣತಿಯ ಲೆಕ್ಕದಲ್ಲಿ ಕುಟುಂಬ ಎಂದರೆ ಒಂದೇ ಅಡುಗೆಮನೆಯಲ್ಲಿ ಉಣ್ಣುತ್ತಾ ಒಟ್ಟಿಗೆ ವಾಸಿಸುವವರು. ಒಂದೇ ಮೂಲದ ಕುಲವಾದ ಒಕ್ಕವೂ ಅಲ್ಲ, ಆ ಕುಲದ ಮೂಲಮನೆಯಾದ ಐನ್‌ಮನೆಯೂ ಅಲ್ಲ. ಐನ್‌ಮನೆಗೆ ಎಷ್ಟೇ ದೊಡ್ಡ ಒಕ್ಕ ಸೇರಿದ್ದರೂ ಅಲ್ಲಿ ವಾಸವಿರುವ ಮೂರು ಜನ ಮಾತ್ರ ಅಲ್ಲಿನ ಲೆಕ್ಕ. ಬೆಂಗಳೂರಿನಲ್ಲಿ ಸಂಸಾರ ಹೂಡಿದವರನ್ನು ಅಲ್ಲಿಯೇ ಎಣಿಸಬೇಕು. ಎಡವಟ್ಟಾಗುವುದು ಇಲ್ಲಿಯೇ. ‘ನಮ್ಮದು ಊರಲ್ಲಿ ಬರೆಸಿದ್ದಾರೆ’ ಎಂದು ನಗರದ ಮನೆಯಲ್ಲಿ ಗಣತಿದಾರರನ್ನು ವಾಪಸು ಕಳುಹಿಸುತ್ತಾರೆ. ಊರಲ್ಲಿ ಹಿರಿಯರು ‘ಅವರು ಬೆಂಗಳೂರಿನಲ್ಲಿದ್ದಾರೆ’ ಎನ್ನುತ್ತಾರೆ. ಎರಡೂ ಕಡೆ ಆ ಸಂಸಾರ ಇಲ್ಲ. ಊರು ಬಿಟ್ಟ ಪ್ರತಿ ಸಂಸಾರವೂ ಫೆಬ್ರವರಿಯಲ್ಲಿ ಊರಿಗೆ ಫೋನ್ ಮಾಡಿ, ನಮ್ಮನ್ನು ಇಲ್ಲಿ ಬರೆಸುತ್ತೇವೆ, ಅಲ್ಲಿ ಸೇರಿಸಬೇಡಿ ಎಂದು ಹೇಳಿಬಿಡಬೇಕು.

ಹಾಸ್ಟೆಲ್‌ನಲ್ಲಿರುವ ಮಕ್ಕಳನ್ನು ಮನೆಯಲ್ಲಿ ಬರೆಸುವಂತಿಲ್ಲ. ಹಾಸ್ಟೆಲ್ ಗಣತಿಯಲ್ಲಿ ಬೇರೆಯೇ ಘಟಕ. ಅಲ್ಲಿ ವಾರ್ಡನ್ ನೋಂದಣಿ ಪುಸ್ತಕ ನೋಡಿ ನೂರು ಮಕ್ಕಳ ವಿವರವನ್ನು ಒಂದೇ ಉಸಿರಿಗೆ ಕೊಡುವುದುಂಟು, ಭಾಷೆಯ ಕಡೆ ಎಲ್ಲರಿಗೂ ಕನ್ನಡ. ಮಕ್ಕಳಿಗೆ ಮೊದಲೇ ಹೇಳಿಡಿ: ನಿನ್ನ ತಾಯ್ನುಡಿಯನ್ನು ನೀನೇ ವಾರ್ಡನ್‌ಗೆ ಬರೆದುಕೊಡು ಎಂದು. ಸೇನೆಯಲ್ಲಿರುವವರ ಮಾತೂ ಹೀಗೆಯೇ. ಎಣಿಕೆಯ ಅವಧಿಯುದ್ದಕ್ಕೂ ಘಟಕದಲ್ಲಿರುವ ಯೋಧರನ್ನು ಅಲ್ಲೇ ಎಣಿಸಲಾಗುತ್ತದೆ, ನಿರ್ಬಂಧಿತ ಸೇನಾ ಪ್ರದೇಶಗಳಲ್ಲಿ ಸೇನೆಯವರೇ ಗಣತಿದಾರರು. ಊರಿನಲ್ಲಿರುವ ಹೆಂಡತಿ ಮಕ್ಕಳು ಊರಿನ ಲೆಕ್ಕ. ಮನೆಮನೆಯಿಂದ ಸೇನೆಗೆ ಹೋಗುವ ಸಮುದಾಯಕ್ಕೆ ಇದು ಸಣ್ಣ ಸಂಖ್ಯೆಯಲ್ಲ, ಕಾಶ್ಮೀರದಲ್ಲಿರುವ ಯೋಧ ಹೇಳುವ ‘ಕೊಡವ ತಕ್ಕ್’ ಕೂಡ ಇದೇ ಮೊತ್ತಕ್ಕೆ ಬಂದು ಸೇರುತ್ತದೆ. ಎಣಿಕೆಯ ಅವಧಿಯುದ್ದಕ್ಕೂ ವಿದೇಶದಲ್ಲೇ ಇರುವವರು ಲೆಕ್ಕಕ್ಕೆ ಬರುವುದಿಲ್ಲ.

ಎಣಿಕೆಯ ಅವಧಿಯಲ್ಲಿ ಹುಟ್ಟಿದ ಮಗು ಲೆಕ್ಕದಿಂದ ತಪ್ಪುವುದೂ ಸಾಮಾನ್ಯ. 2011ರಲ್ಲಿ ಫೆಬ್ರವರಿ 9ರಿಂದ 28ರವರೆಗೆ ಎಣಿಕೆ ನಡೆದು, ಮಾರ್ಚ್ 1ರಿಂದ 5ರವರೆಗೆ ಮರುಭೇಟಿ ಇತ್ತು. ನಡುವೆ ಹುಟ್ಟಿದವರನ್ನು ಸೇರಿಸಿ, ತೀರಿಕೊಂಡವರನ್ನು ಕಳೆಯುವುದಕ್ಕೆಂದೇ ಆ ಮರುಭೇಟಿ. ಉಲ್ಲೇಖದ ಮಧ್ಯರಾತ್ರಿಗೆ ಐದು ನಿಮಿಷ ಮೊದಲು ಹುಟ್ಟಿದ ಕೂಸಿಗೂ ಹೆಸರಿಡದಿದ್ದರೂ ಲೆಕ್ಕದಲ್ಲಿ ಜಾಗವಿದೆ.

ಭಯದ ವಿಷಯವನ್ನೂ ಹೇಳಬೇಕು, ಏಕೆಂದರೆ ಬಾಗಿಲು ತೆರೆಯದಿರುವುದಕ್ಕೆ ಅರ್ಧ ಕಾರಣ ಅದೇ. 1948ರ ಜನಗಣತಿ ಕಾಯ್ದೆಯ 15ನೇ ಕಲಂ ಪ್ರಕಾರ ನೀವು ಕೊಟ್ಟ ಮಾಹಿತಿಯನ್ನು ಬೇರೆ ಯಾರೂ ನೋಡುವಂತಿಲ್ಲ. ಆ ಕಾಯ್ದೆಯಡಿಯ ಅಪರಾಧದ ವಿಚಾರಣೆ ಬಿಟ್ಟರೆ ನ್ಯಾಯಾಲಯದಲ್ಲಿ ಸಾಕ್ಷ್ಯವಾಗಿ ಬಳಸುವಂತಿಲ್ಲ. ಜಾಗದ ತಕರಾರು, ಆದಾಯ ತೆರಿಗೆ, ಪಡಿತರ ಚೀಟಿ, ಯಾವುದಕ್ಕೂ ಇದು ದಾಖಲೆಯಾಗುವುದಿಲ್ಲ. ಅಷ್ಟೇ ಸ್ಪಷ್ಟವಾಗಿ 8ನೇ ಕಲಂ ಪ್ರಕಾರ ತಿಳಿದಮಟ್ಟಿಗೆ ಸರಿಯಾದ ಉತ್ತರ ಕೊಡುವುದು ಕಡ್ಡಾಯ. ಗಂಡನ ಹೆಸರು ಹೇಳಲು ಸಂಪ್ರದಾಯ ಅಡ್ಡಿಯಾಗುವ ಹೆಂಗಸರಿಗೆ ಅದೇ ಕಲಮಿನಲ್ಲಿ ವಿನಾಯಿತಿ ಇದೆ. ಬಾಗಿಲಿಗೆ ಬಂದ ಗಣತಿದಾರರಿಗೆ ದಾಖಲೆ ಪತ್ರ ಏನೂ ತೋರಿಸಬೇಕಿಲ್ಲ. ಬ್ಯಾಂಕ್ ಖಾತೆ, ಎಟಿಎಂ ಪಿನ್ ಕೇಳುವವರು ಗಣತಿಯವರಲ್ಲ. ಗುರುತಿನ ಚೀಟಿ ನೋಡಿಯೇ ಮಾತಾಡಿ, ಸಂಶಯ ಬಂದರೆ ತಾಲ್ಲೂಕು ಕಚೇರಿಗೆ ಫೋನ್ ಮಾಡಿ. ಹಳ್ಳಿಗಳಿಗೆ ಗಣತಿಯ ಹೊಣೆ ಹೊತ್ತ ಚಾರ್ಜ್ ಅಧಿಕಾರಿ ತಹಶೀಲ್ದಾರರೇ.

‘ಈಗಾಗಲೇ ಬರೆಸಿದ್ದೇವೆ’ ಎಂಬುದು ಇನ್ನೊಂದು ಅಡ್ಡಿ. 2025ರ ಸೆಪ್ಟೆಂಬರ್ 22ರಿಂದ ನಡೆದದ್ದು ರಾಜ್ಯ ಹಿಂದುಳಿದ ವರ್ಗಗಳ ಆಯೋಗದ ಸಾಮಾಜಿಕ ಶೈಕ್ಷಣಿಕ ಸಮೀಕ್ಷೆ. ಮತದಾರರ ಪಟ್ಟಿಗೆ ಮತಗಟ್ಟೆ ಮಟ್ಟದ ಅಧಿಕಾರಿಯಾದ ಬಿಎಲ್‌ಒ ಬರುವುದು ಮತ್ತೊಂದು. ಇವೆರಡಕ್ಕೂ ಜನಗಣತಿಗೂ ಸಂಬಂಧವಿಲ್ಲ. ಒಂದರಲ್ಲಿ ಬರೆಸಿದ್ದು ಇನ್ನೊಂದಕ್ಕೆ ತಾನಾಗಿ ಹೋಗುವುದಿಲ್ಲ.

ಈ ಸಲ ಜಾತಿಯನ್ನೂ ಕೇಳಲಿದ್ದಾರೆ. ಧರ್ಮದ ಕಡೆ ಏನು ಬರೆಸಬೇಕು ಎಂಬ ವಾದವೂ ನಮ್ಮಲ್ಲಿ ಬಿಸಿಯಾಗಿದೆ. ಅದನ್ನು ಅವರವರ ಮನಸ್ಸಿಗೆ ಬಿಡೋಣ. ಆದರೆ ಆ ಗದ್ದಲದಲ್ಲಿ ಭಾಷೆಯ ಪ್ರಶ್ನೆ ಮುಳುಗಿಹೋಗುತ್ತಿದೆ ಎಂಬ ಆತಂಕ ನಮ್ಮದು. ಕೊಡವ ತಕ್ಕ್ ಒಂದು ಜಾತಿಯ ಸ್ವತ್ತಲ್ಲ. ಅಮ್ಮಕೊಡವ, ಹೆಗ್ಗಡೆ, ಐರಿ, ಕೊಯವ, ಕೆಂಬಟ್ಟಿ, ಮೇದ, ಬಣ್ಣ, ಕಣಿಯ ಮೊದಲಾದ ಸಮುದಾಯಗಳ ಮನೆಮಾತೂ ಇದೇ. ಇವರಲ್ಲಿ ಕೆಲವರು, ತಾವು ಕೊಡವ ಜಾತಿಯಲ್ಲವಾದ್ದರಿಂದ ಭಾಷೆಯನ್ನೂ ಹಾಗೆ ಬರೆಸುವಂತಿಲ್ಲ ಎಂದುಕೊಂಡಿದ್ದಾರೆ. ಭಾಷೆಯ ಪ್ರಶ್ನೆಗೂ ಜಾತಿಯ ಪ್ರಶ್ನೆಗೂ ನಂಟಿಲ್ಲ. ಗಣತಿದಾರರು ಒಂದನ್ನು ನೋಡಿ ಇನ್ನೊಂದನ್ನು ಊಹಿಸಬಾರದು. ಈ ಸಣ್ಣ ಸಮುದಾಯಗಳನ್ನು ಕರೆದು ಕೂರಿಸಿ ಮಾತಾಡುವ ಹೊಣೆ ಕೊಡವ ಸಮಾಜಗಳದ್ದು. ಹಾಗೆಯೇ ಕೊಡಗಿನ ಬುಡಕಟ್ಟಿನವರಾದ ಯರವರು ತಮ್ಮ ಮಾತನ್ನು ಯರವ ಎಂದೇ ಹೇಳಲಿ. 2011ರ ಪಟ್ಟಿಯಲ್ಲಿ ಅದು ಮಲಯಾಳ ಗುಂಪಿನೊಳಗಿದ್ದರೂ ಸ್ವಂತ ಹೆಸರು ಉಳಿಸಿಕೊಂಡಿದೆ. ಅರೆಭಾಷೆಯವರೂ ತಮ್ಮ ನುಡಿಯ ಹೆಸರನ್ನೇ ಹೇಳಲಿ.

ಸಂಖ್ಯೆಯಿಂದ ಏನಾಗುತ್ತದೆ ಎಂದು ಕೇಳುವವರಿಗೆ ಎರಡು ಉದಾಹರಣೆ ಸಾಕು. ಭಾಷಾ ಅಲ್ಪಸಂಖ್ಯಾತರ ರಕ್ಷಣೆಯ ರಾಷ್ಟ್ರೀಯ ನೀತಿಯಂತೆ, ಜಿಲ್ಲೆ ಅಥವಾ ಅದಕ್ಕಿಂತ ಕೆಳಗಿನ ಘಟಕದ ಜನರಲ್ಲಿ ಶೇ 15ರಷ್ಟು ಒಂದು ಭಾಷೆಯವರಿದ್ದರೆ ಮುಖ್ಯ ಸರ್ಕಾರಿ ಪ್ರಕಟಣೆಗಳು ಆ ಭಾಷೆಯಲ್ಲೂ ಬರಬೇಕು. ತಾಯ್ನುಡಿಯ ಅಂಕಿಗಳು ತಾಲ್ಲೂಕು ಮಟ್ಟದವರೆಗೆ ಪ್ರಕಟವಾಗುತ್ತವೆ. ಪೊನ್ನಂಪೇಟೆ, ವಿರಾಜಪೇಟೆ ತಾಲ್ಲೂಕುಗಳಲ್ಲಿ ಕೆಲವು ಸಾವಿರ ತಲೆಯಾಡಿಕೆಗಳು ಈ ಗೆರೆಯ ಆಚೆಗೋ ಈಚೆಗೋ ಎಂಬುದನ್ನು ನಿರ್ಧರಿಸಬಲ್ಲವು. ಇನ್ನೊಂದು, ಕ್ಷೇತ್ರ ಮರುವಿಂಗಡಣೆ. 2001ರ ಜನಸಂಖ್ಯೆಯ ಮೇಲೆ ನಡೆದ ಕಳೆದ ವಿಂಗಡಣೆಯಲ್ಲಿ ಸೋಮವಾರಪೇಟೆ ಕ್ಷೇತ್ರ ಹೋಗಿ, 2008ರಿಂದ ಕೊಡಗಿಗೆ ವಿಧಾನಸಭೆಯಲ್ಲಿ ಮೂರರ ಬದಲು ಎರಡೇ ಸ್ಥಾನ. ಜಿಲ್ಲೆಯ ಜನ ಲೆಕ್ಕಕ್ಕೆ ಸಿಗದೆ ಹೋದರೆ ಮುಂದಿನ ವಿಂಗಡಣೆಯಲ್ಲಿ ದನಿ ಎತ್ತಲು ನಮ್ಮ ಕೈಯಲ್ಲಿ ಏನಿರುತ್ತದೆ?

ಜಿಲ್ಲಾಡಳಿತದ ಮುಂದೆ ನಮ್ಮದೊಂದು ಕೋರಿಕೆ. ಗಣತಿದಾರರ ತರಬೇತಿಯಲ್ಲಿ ಕೊಡಗಿನ ನುಡಿಗಳ ಹೆಸರುಗಳನ್ನು ಬರೆದ ಒಂದು ಪುಟವನ್ನು ಕೊಡಿ: ಕೊಡವ ತಕ್ಕ್, ಅರೆಭಾಷೆ, ಯರವ, ಕುರುಬ, ತುಳು, ಬ್ಯಾರಿ, ಮಲಯಾಳ, ಕೊಂಕಣಿ. ‘ಕನ್ನಡ ಅಲ್ವಾ?’ ಎಂದು ಕೇಳದೆ ‘ಚಿಕ್ಕಂದಿನಲ್ಲಿ ತಾಯಿ ನಿಮ್ಮ ಹತ್ತಿರ ಯಾವ ಮಾತು ಆಡುತ್ತಿದ್ದರು?’ ಎಂದು ಕೇಳುವಂತೆ ತಿಳಿಸಿ. ಸ್ಥಳೀಯ ಮಾತು ಬಲ್ಲ ಶಿಕ್ಷಕರನ್ನು ಆಯಾ ಬ್ಲಾಕುಗಳಿಗೆ ಹಾಕಲು ಸಾಧ್ಯವಾದರೆ ಇನ್ನೂ ಒಳಿತು. ಮಡಿಕೇರಿಯ ಕೊಡವ ಸಾಹಿತ್ಯ ಅಕಾಡೆಮಿ ಮತ್ತು ಅರೆಭಾಷೆ ಅಕಾಡೆಮಿ ಒಟ್ಟಾಗಿ ಆ ಪುಟವನ್ನು ಸಿದ್ಧಪಡಿಸಿಕೊಡಬಹುದು.

ತಮ್ಮ ಪತ್ರಿಕೆಯೂ 2027ರ ಜನವರಿ ಕೊನೆಯ ವಾರದಲ್ಲಿ ಮಡಿಕೇರಿ, ಸೋಮವಾರಪೇಟೆ, ಕುಶಾಲನಗರ, ವಿರಾಜಪೇಟೆ, ಪೊನ್ನಂಪೇಟೆ ಐದೂ ತಾಲ್ಲೂಕುಗಳ ಗಣತಿ ಚಾರ್ಜ್ ಅಧಿಕಾರಿಗಳ ಕಚೇರಿ ದೂರವಾಣಿ ಸಂಖ್ಯೆಗಳನ್ನು, ಎಣಿಕೆ ಮತ್ತು ಮರುಭೇಟಿಯ ದಿನಾಂಕಗಳನ್ನು ಜಿಲ್ಲಾ ಪುಟದಲ್ಲಿ ಪ್ರಕಟಿಸಬೇಕೆಂದು ಕೋರುತ್ತೇವೆ. ಯಾರ ಮನೆಗೆ ಗಣತಿದಾರರು ಬಂದಿಲ್ಲವೋ ಅವರು ಮರುಭೇಟಿ ಮುಗಿಯುವುದರೊಳಗೆ ಆ ಸಂಖ್ಯೆಗೆ ಕರೆ ಮಾಡಿದರೆ ಇನ್ನೂ ಲೆಕ್ಕಕ್ಕೆ ಸೇರಬಹುದು.

ಇತಿ,
ಗಣತಿ ಕೆಲಸ ಮಾಡಿದ ನಿವೃತ್ತ ಶಿಕ್ಷಕರು,
ವಿರಾಜಪೇಟೆ ಮತ್ತು ಪೊನ್ನಂಪೇಟೆ ತಾಲ್ಲೂಕು